ಕೆರೆಯ ಹೂಳೆತ್ತುವ ಮುನ್ನ: ಗ್ರಾಮ ಪಂಚಾಯ್ತಿಗಳಿಗೊಂದು ಕೈಪಿಡಿ

ಈ ಕೈಪಿಡಿ ಉಪ್ಪಿನಬೆಟಗೇರಿಯಂಥ ಊರುಗಳ ಪಂಚಾಯ್ತಿ ಸದಸ್ಯರಿಗಾಗಿ. ಧಾರವಾಡ ತಾಲ್ಲೂಕಿನ ಎರಿಭೂಮಿಯಲ್ಲಿ ಮಳೆ ಎರಡು ತಾಸು ಜೋರು ಹೊಡೆದರೆ ತುಪ್ಪರಿಹಳ್ಳ ದಾರಿ ಕಟ್ಟುತ್ತದೆ. ಬೇಸಿಗೆ ಬಂತೆಂದರೆ ಟ್ಯಾಂಕರಿನ ಮಾತು ಶುರು. ನಡುವೆ ಒಂದಷ್ಟು ನೀರು ಹಿಡಿದಿಡೋಣ ಎಂಬ ವಿಚಾರ ಯಾರಿಗಾದರೂ ಬಂದೀತು. ವಿಚಾರ ಮಾಡಲು ಅನುಮತಿ ಬೇಕಿಲ್ಲ. ಮುಂದಿನದಕ್ಕೆಲ್ಲ ಬೇಕು.

ಬೇಕಾಗುವ ಸಾಮಗ್ರಿ: ಉತಾರದ ಪ್ರತಿ, ಗ್ರಾಮಸಭೆಯ ಠರಾವು, ಕೆರೆಯ ಫೋಟೊ (ನೀರಿದ್ದಾಗ ಒಂದು, ಇಲ್ಲದಾಗ ಒಂದು), ಟಪಾಲು ಸ್ವೀಕರಿಸಿದ ಸಹಿ ಹಾಕಿಸಿಕೊಳ್ಳಲು ಎರಡನೆಯ ಪ್ರತಿ. ಸಲಿಕೆ ಕೊನೆಗೆ.

ಮೊದಲ ಹೆಜ್ಜೆ: ಕೆರೆ ಯಾರದೆಂದು ಪತ್ತೆ ಹಚ್ಚಿ. ಊರವರನ್ನು ಕೇಳಿದರೆ ನಮ್ಮದು ಅನ್ನುತ್ತಾರೆ. ಅದನ್ನು ನಂಬಿ ಅರ್ಜಿ ಬರೆಯಬೇಡಿ. ಕೆರೆಯ ಕೆಳಗಿನ ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಅದು ಪಂಚಾಯತ್ ರಾಜ್ ವ್ಯವಸ್ಥೆಯ ಪಾಲು. 40 ದಾಟಿದರೆ 2,000 ಹೆಕ್ಟೇರ್‌ವರೆಗೆ ಸಣ್ಣ ನೀರಾವರಿ ಇಲಾಖೆಯ ಪಾಲು. ಅಚ್ಚುಕಟ್ಟಿನಲ್ಲಿ ಈಗ ಯಾರೂ ಕೆರೆನೀರು ಹಾಯಿಸುತ್ತಿಲ್ಲ, ಎಲ್ಲರ ಹೊಲದಲ್ಲೂ ಬೋರ್‌ವೆಲ್ ಇದೆ ಎಂದು ವಾದಿಸಬೇಡಿ. ದಾಖಲೆಯಲ್ಲಿ ಕೆರೆ ಇನ್ನೂ ತುಂಬಿ ಹರಿಯುತ್ತಿದೆ. ಒತ್ತುವರಿಯ ಅನುಮಾನವಿದ್ದರೆ ಅಳತೆಗೆ ಕಂದಾಯ ಇಲಾಖೆಗೆ ಬರೆಯಿರಿ. ಕೆರೆಗಳ ಸಂರಕ್ಷಣೆಗೆಂದು 2014ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು, ಅದರಡಿ ಪ್ರಾಧಿಕಾರವೂ ಬಂತು. 2018ರಲ್ಲಿ ಆ ಪ್ರಾಧಿಕಾರದ ಹೆಸರು, ಮನೆ ಎರಡೂ ಬದಲಾದವು. ಹಳೆಯ ಹೆಸರಿಗೆ ಅರ್ಜಿ ಬರೆದವರು ಲಕೋಟೆ ಹಿಂದಿರುಗಿ ಬರುವವರೆಗೆ ಬೇರೆ ಕೆಲಸ ನೋಡಿಕೊಳ್ಳಬಹುದು.

ಇಲ್ಲೊಂದು ಎಚ್ಚರಿಕೆ. ಸಂವಿಧಾನದ 73ನೇ ತಿದ್ದುಪಡಿಯಿಂದ ಬಂದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಮೂರನೆಯದೇ ಸಣ್ಣ ನೀರಾವರಿ, ನೀರಿನ ನಿರ್ವಹಣೆ ಮತ್ತು ಜಲಾನಯನ ಅಭಿವೃದ್ಧಿ. 1993ರಿಂದ ಜಾರಿಯಲ್ಲಿದೆ. ಅದರ ಝೆರಾಕ್ಸ್ ಹಿಡಿದು ಕಚೇರಿಗೆ ಹೋಗುವ ಉತ್ಸಾಹಿಗಳಿದ್ದಾರೆ. ಟೇಬಲ್ಲಿನ ಆ ಬದಿಯಿಂದ ಬರುವ ಉತ್ತರ ಹೀಗಿರುತ್ತದೆ: "ಖರೇ ಐತ್ರಿ. ಆದ್ರ ಸರ್ಕ್ಯುಲರ್ ಎಲ್ಲೈತಿ?"

ಎರಡನೆಯ ಹೆಜ್ಜೆ: ಹೂಳು ಏನೆಂದು ನಿರ್ಧರಿಸಿ. ಹೊಲಕ್ಕೆ ಒಯ್ದರೆ ಅದು ಗೊಬ್ಬರ. ಇಟ್ಟಿಗೆ ಭಟ್ಟಿಗೆ ಒಯ್ದರೆ ಅದೇ ಮಣ್ಣು ಉಪಖನಿಜ, ಅದಕ್ಕೆ 1994ರ ನಿಯಮಾವಳಿ ಇದೆ, ರಾಜಧನ ಇದೆ. ಟ್ರ್ಯಾಕ್ಟರ್ ಯಾವ ಕಡೆ ತಿರುಗುತ್ತದೆ ಎಂಬುದರ ಮೇಲೆ ಮಣ್ಣಿನ ಜಾತಿ ನಿಂತಿದೆ. ಉದ್ಯೋಗ ಖಾತ್ರಿಯಲ್ಲಿ ಎತ್ತಿಸುವುದಾದರೆ 2005ರ ಕಾಯ್ದೆ ಹಾಕಿಕೊಟ್ಟ 60:40ರ ಲೆಕ್ಕ ನೆನಪಿಡಿ: ಕೂಲಿಗೆ ಕನಿಷ್ಠ 60, ಸಾಮಗ್ರಿಗೆ ಹೆಚ್ಚೆಂದರೆ 40, ಗುತ್ತಿಗೆದಾರನಿಲ್ಲ. ಕೂಲಿಕಾರರ ಹಾಜರಿ ದಿನಕ್ಕೆರಡು ಸಲ ಮೊಬೈಲಿನಲ್ಲಿ. ನೆಟ್‌ವರ್ಕ್ ಸಿಗದಿದ್ದರೆ ಏರಿಯ ಮೇಲೆ ಹತ್ತಿ ನಿಲ್ಲಿ. ಏರಿ ಗಟ್ಟಿ ಇದೆಯೇ ಎಂಬ ಪರೀಕ್ಷೆಯೂ ಆಯಿತು.

ಮೂರನೆಯ ಹೆಜ್ಜೆ ಅಂತರ್ಜಲ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಬಾವಿ ತೋಡಲು ಅನುಮತಿ ಬೇಕೆಂದು 1999ರ ಕಾಯ್ದೆ ಹೇಳುತ್ತದೆ. 2011ರಲ್ಲಿ ಇನ್ನೊಂದು ಕಾಯ್ದೆ ಬಂದು ಅಂತರ್ಜಲ ಪ್ರಾಧಿಕಾರವನ್ನೂ ತಂದಿತು. ಆದರೂ ಕೊರೆಯುವ ಲಾರಿ ರಾತ್ರಿ ಹತ್ತಕ್ಕೆ ಬಂದು ಬೆಳಗಿನ ಚಹಾಕ್ಕೆ ಮುಂಚೆ ಹೋಗಿರುತ್ತದೆ. ನೀರು ಹಿಡಿಯುವವನ ಕಡತ ಧಾರವಾಡದಲ್ಲಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡುತ್ತಿರುವಾಗ ನೀರು ಎತ್ತುವವನ ಪೈಪು ಮುನ್ನೂರು ಅಡಿ ಇಳಿದಿರುತ್ತದೆ. ಈ ವಿಷಯದಲ್ಲಿ ಕೈಪಿಡಿಗೆ ಸೂಚನೆಗಳಿಲ್ಲ.

ಮುಂದುವರಿದ ಬಳಕೆದಾರರಿಗೆ: ತುಪ್ಪರಿಹಳ್ಳ ಬೆಣ್ಣಿಹಳ್ಳಕ್ಕೆ, ಬೆಣ್ಣಿಹಳ್ಳ ಮಲಪ್ರಭೆಗೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ. ಎಂದರೆ ನಿಮ್ಮ ಊರ ಹಳ್ಳದ ಬಗ್ಗೆ ನ್ಯಾಯಮಂಡಳಿಗಳು ಆಗಲೇ ಕೂತು ಎದ್ದಿವೆ. ಅನುಮತಿ ಎಷ್ಟು ದೊಡ್ಡದಾಗಬಲ್ಲದು ಎಂಬ ಕುತೂಹಲವಿದ್ದರೆ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಯ ಕಡತ ನೋಡಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9. ತೀರ್ಪು ಗೆಜೆಟ್ಟಿಗೆ ಬಂದದ್ದು 2020ರ ಫೆಬ್ರವರಿಯಲ್ಲಿ. ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿದ್ದು 2022ರ ಕೊನೆಗೆ. ಆಮೇಲೆ ಅರಣ್ಯ, ವನ್ಯಜೀವಿ, ಗೋವಾದ ತಕರಾರು. ನವಲಗುಂದ, ನರಗುಂದದ ರೈತರು ಇದಕ್ಕಾಗಿ ವರ್ಷಗಟ್ಟಲೆ ಧರಣಿ ಕೂತರು. ನಿಮ್ಮ ಕೆರೆಯ ಅರ್ಜಿ ಅದಕ್ಕಿಂತ ಬೇಗ ಇತ್ಯರ್ಥವಾಗುತ್ತದೆ ಎಂಬ ಸಮಾಧಾನ ಇಟ್ಟುಕೊಳ್ಳಬಹುದು.

ಹಿಂದಿನವರು ಹೇಗೆ ಮಾಡುತ್ತಿದ್ದರು ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆರೆಯ ದುರಸ್ತಿಗೆಂದು ಬಿಟ್ಟುವಟ್ಟದ ಭೂಮಿ ಬಿಡುತ್ತಿದ್ದರು, ಕಲ್ಲು ನೆಡಿಸುತ್ತಿದ್ದರು. ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಎಂದು ಅದೇ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಮಂಜೂರಾತಿ, ಅನುದಾನ, ದಂಡ ಎಲ್ಲವೂ ಒಂದೇ ಕಲ್ಲಿನ ಮೇಲೆ. ಈಗಿನ ನಮೂನೆಗಳಲ್ಲಿ ಶಾಪಕ್ಕೆ ಕಾಲಂ ಇಲ್ಲ.

ತೊಂದರೆ ನಿವಾರಣೆ: ಅನುಮತಿ ಬರುವ ಮುನ್ನವೇ ಮುಂಗಾರು ಬಂದರೆ ಗಾಬರಿಯಾಗಬೇಡಿ. ಕೆರೆಯಲ್ಲಿ ನೀರು ನಿಂತಿರುವ ಕಾರಣ ಕಾಮಗಾರಿ ಮುಂದೂಡಲಾಗಿದೆ ಎಂದು ಠರಾವು ಬರೆಯಿರಿ. ಮುಂದಿನ ಬೇಸಿಗೆಗೆ ದರಪಟ್ಟಿ ಪರಿಷ್ಕರಣೆಯಾಗಿದ್ದರೆ ಅಂದಾಜುಪಟ್ಟಿ ಹೊಸದಾಗಿ ಮಾಡಿಸಿ. ಹಳೆಯದನ್ನು ಹರಿಯಬೇಡಿ, ಆಡಿಟ್‌ನವರು ಕೇಳುತ್ತಾರೆ.