ಅಗಿಯಬಾರದು, ನುಂಗಬೇಕು

ಹೆಸರಲ್ಲೇ ಸೋಲು ಇಟ್ಟುಕೊಂಡ ಊರು ನಮ್ಮದು, ಮಾಗಡಿ ಕಡೆಯ ಸೋಲೂರು. ಅಲ್ಲಿಂದ ಬೆಂಗಳೂರಿನ ಬಸ್ಸು ಹತ್ತಿ, ಬೆಂಗಳೂರಿಂದ ನ್ಯೂಜೆರ್ಸಿಗೆ ನಾನು ಹಾರಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಬೆಳಗ್ಗೆದ್ದು ಕೊಟ್ಟಿಗೆಯಲ್ಲಿ ಸಗಣಿ ಬಾಚುವುದು ತಪ್ಪಲಿ ಎಂದಷ್ಟೇ. ಇಪ್ಪತ್ತೈದು ವರ್ಷ ತಪ್ಪಿಸಿಕೊಂಡೆ. ಆಮೇಲೆ ಮಗಳು ಕಾಲೇಜು ಮುಗಿಸಿ, "ಅಪ್ಪಾ, ನೇಪಾಳದ ಹಳ್ಳಿಗೆ ಹೋಗ್ತೀನಿ. 27 ತಿಂಗಳು. ಅಲ್ಲೇ ಒಬ್ಬರ ಮನೇಲಿ ಇರ್ತೀನಿ" ಎಂದಳು.

ಪೀಸ್ ಕೋರ್ ಎಂಬ ಅಮೆರಿಕ ಸರ್ಕಾರದ ಸೇವೆ ಅದು. ಊರಿನಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿದೆ.

"ಪೀಸ್ ಲೆಕ್ಕಾನಾ? ಗಾರ್ಮೆಂಟ್ಸ್‌ನಲ್ಲಿ ಕೊಡ್ತಾರಲ್ಲ, ಹಂಗಾ?"

"ಅಲ್ಲವ್ವ. ಸಂಬಳ ಇಲ್ಲ, ಊಟದ ಖರ್ಚಿಗೆ ಅಂತ ಏನೋ ಕೊಡ್ತಾರೆ. 1961ರಲ್ಲಿ ಕೆನಡಿ ಶುರು ಮಾಡಿದ್ದು. ನಮ್ಮ ದೇಶಕ್ಕೂ ಬಂದಿದ್ರು, ಕೋಳಿ ಸಾಕೋದು ಗೀಕೋದು ಹೇಳ್ಕೊಡ್ತಿದ್ರು. 1976ರಲ್ಲಿ ವಾಪಸ್ ಹೋದ್ರು."

"ಕೋಳಿ ಸಾಕೋದ ನಮಗೆ ಹೇಳ್ಕೊಟ್ರಾ?" ಅವ್ವ ಬಹಳ ಹೊತ್ತು ಅದರಿಂದ ಹೊರಗೆ ಬರಲಿಲ್ಲ. ಬಂದಮೇಲೆ, "ಸಂಬಳ ಇಲ್ದೆ ಸಗಣಿ ಬಾಚೋಕೆ ಅಷ್ಟು ದೂರ ಯಾಕ್ಲಾ? ಇಲ್ಲಿಗೇ ಕಳ್ಸು. ಎರಡು ಹಸ ಅವೆ, ಆಳು ಸಿಗ್ತಿಲ್ಲ" ಎಂದಳು.

ನನ್ನ ಹತ್ತಿರ ಉತ್ತರವಿರಲಿಲ್ಲ. ಮಗಳ ಹತ್ತಿರ ಇತ್ತು: "ಅಜ್ಜಿ ಮನೆಗೆ ಹೋದ್ರೆ ಅದು ರಜೆ ಅಪ್ಪಾ, ಸರ್ವಿಸ್ ಅಲ್ಲ."

ಈ ಹುಡುಗಿಗೆ ಸೋಲೂರಿನಲ್ಲಿ ಮುದ್ದೆ ಕಂಡರೆ ಮಾರು ದೂರ. ಒಮ್ಮೆ ಅಗಿದು, ಹಲ್ಲಿಗೆಲ್ಲ ಮೆತ್ತಿಸಿಕೊಂಡು, ಇದು ಸಿಮೆಂಟು ಎಂದು ಇಂಗ್ಲಿಷಿನಲ್ಲಿ ಅತ್ತಿದ್ದಳು. ಅವ್ವ ಅದನ್ನು ಮರೆತಿಲ್ಲ. ಅಂಥವಳು ನೇಪಾಳ ಸೇರಿದ ಮೂರನೇ ವಾರ ವಿಡಿಯೊ ಕಾಲ್ ಮಾಡಿ, "ಅಪ್ಪಾ, ಇಲ್ಲಿ ಢಿಂಡೋ ಅಂತ ಮಾಡ್ತಾರೆ, ಸೂಪರ್! ಕೋದೋ ಅಂತ ಒಂದು ಧಾನ್ಯದ ಹಿಟ್ಟು, ಬಿಸಿನೀರಿಗೆ ಹಾಕಿ ತಿರುವುತ್ತಾರೆ. ಸೀಕ್ರೆಟ್ ಏನು ಗೊತ್ತಾ? ಅಗಿಯಬಾರದು, ನುಂಗಬೇಕು!" ಎಂದಳು.

ಕೋದೋ ಎಂದರೆ ರಾಗಿ. ಅವಳ ಕಾಲೇಜಿಗೆ ಸುರಿದ ದುಡ್ಡಿಗೆ ನಾಲ್ಕೆಕರೆ ರಾಗಿ ಹೊಲವೇ ಬರುತ್ತಿತ್ತು. (ಸೋಲೂರಿನ ಈಗಿನ ರೇಟಿಗೆ ಬರುವುದಿಲ್ಲ ಬಿಡಿ.) ಅದೇ ಕೋದೋದಿಂದ ಅಲ್ಲಿ ರಕ್ಸಿ ಎಂಬುದನ್ನೂ ಭಟ್ಟಿ ಇಳಿಸುತ್ತಾರೆ. ಆ ಸಂಗತಿಯನ್ನು ನಾನು ಚಿಕ್ಕಪ್ಪನಿಗೆ ತಿಳಿಸಲಿಲ್ಲ.

ಢಿಂಡೋ ವಿಷಯ ಕೇಳಿದ ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಆ ಹೆಂಗ್ಸು ಹಿಟ್ಟು ತೊಳಸೋದು ನಾನು ನೋಡ್ಬೇಕು" ಎಂದಳು. ಮೂವರನ್ನೂ ಒಂದೇ ಕಾಲ್‌ಗೆ ಸೇರಿಸಿದೆ. ನೇಪಾಳದ ಗಡಿಯಾರ ನಮ್ಮೂರಿಗಿಂತ 15 ನಿಮಿಷ ಮುಂದೆ ಎಂದದ್ದಕ್ಕೇ ಅವ್ವನಿಗೆ ಮೊದಲು ಸಿಟ್ಟು ಬಂತು. ಆಮಾ, ಅಂದರೆ ಮಗಳು ಉಳಿದುಕೊಂಡ ಮನೆಯ ಒಡತಿ, ಒಲೆ ಮುಂದೆ ಕೂತಿದ್ದರು.

"ಒಂದೇ ಕೈಲಿ ತೊಳಸ್ತಾವ್ಳೆ! ಕವೆಗೋಲು ಇಲ್ವಾ? ಪಾತ್ರೆ ಅಲ್ಲಾಡ್ತೈತೆ ನೋಡು, ಗಂಟಾಗುತ್ತೆ. ಸಾರೇನು?"

"ಗುಂಡ್ರುಕ್ ಅಜ್ಜಿ. ಸೊಪ್ಪನ್ನ ಹುಳಿ ಬರಿಸಿ ಒಣಗಿಸ್ತಾರೆ."

"ಒಣಗಿದ ಸೊಪ್ಪಾ! ಹಿತಕಿದಬೇಳೆ ಸಾರು ಬೇಡ ಅಂದೋಳು ನೀನು."

ಅಷ್ಟರಲ್ಲಿ ಆಮಾ ಏನೋ ಕೇಳಿದರು. ಅರೆ ನೇಪಾಳಿ, ಅರೆ ಕನ್ನಡದ ನನ್ನ ಮಗಳೇ ದುಭಾಷಿ. "ನಿಮ್ಮ ಹಸು ಎಷ್ಟು ಹಾಲು ಕೊಡುತ್ತೆ ಅಂತ ಕೇಳ್ತಿದಾರೆ ಅಜ್ಜಿ."

"ಹೊತ್ತಿಗೆ ಆರು ಲೀಟರ್ ಅನ್ನು." ನಾಲ್ಕು ಕೊಟ್ಟರೆ ಹೆಚ್ಚು ಅದು.

ಆ ಕಡೆ ಒಂದು ಕ್ಷಣ ಮೌನ.

"ಇವರದು ಏಳಂತೆ ಅಜ್ಜಿ."

ಅವ್ವ ಫೋನ್ ಕಟ್ ಮಾಡಿದಳು.