ವಯೋಮಿತಿ ಮಹಾಶಯರಿಗೆ ಪುಣೆಯಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯ ವಯೋಮಿತಿ ಮಹಾಶಯರ ಸನ್ನಿಧಾನಕ್ಕೆ, ಪುಣೆ ನಗರದಲ್ಲಿ ಇನ್ನೂ ಹದಿನೆಂಟು ತುಂಬದಿದ್ದರೂ ತಲೆಯಲ್ಲಿ ಪ್ರಶ್ನೆಗಳು ತುಂಬಿಕೊಂಡಿರುವ ಸಮಸ್ತರ ಪರವಾಗಿ ಸಲ್ಲಿಸುವ ವಿನಂತಿ.

ವಯೋಮಿತಿ ಎಂಬುದು, ಒಬ್ಬ ವ್ಯಕ್ತಿಗೆ ತಿಳಿವಳಿಕೆ ಬಂದಿದೆಯೇ ಎಂದು ಅಳೆಯುವ ಶ್ರಮವನ್ನು ತಪ್ಪಿಸಿಕೊಳ್ಳುವ ಸಲುವಾಗಿ ಆತನ ಜನ್ಮದಿನಾಂಕವನ್ನೇ ತಿಳಿವಳಿಕೆಯ ಪ್ರಮಾಣಪತ್ರವೆಂದು ಒಪ್ಪಿಕೊಳ್ಳುವ ಆಡಳಿತದ ಏರ್ಪಾಡು. ಈ ಏರ್ಪಾಡಿನ ಕೃಪೆಯಿಂದ ಪುಣೆಯ ಯುವಕನೊಬ್ಬ ಹದಿನೆಂಟಕ್ಕೆ ಸರ್ಕಾರವನ್ನು ಆರಿಸಬಲ್ಲ, ಇಪ್ಪತ್ತೊಂದಕ್ಕೆ ಹೆಂಡತಿಯನ್ನು ಆರಿಸಬಲ್ಲ, ಆದರೆ ವಿಸ್ಕಿಯನ್ನು ಆರಿಸುವಷ್ಟು ವಿವೇಕ ಆತನಿಗೆ ಬರುವುದು ಇಪ್ಪತ್ತೈದಕ್ಕೇ ಎಂಬುದು ಮಹಾರಾಷ್ಟ್ರದ ಕಾನೂನಿನ ದೃಢವಾದ ನಂಬಿಕೆ. ಮತ ಹಾಕುವ ವಿವೇಕವೂ 1988ರ ಅರವತ್ತೊಂದನೆಯ ಸಂವಿಧಾನ ತಿದ್ದುಪಡಿಯವರೆಗೆ ಇಪ್ಪತ್ತೊಂದಕ್ಕೇ ಬರುತ್ತಿತ್ತು; ತಿದ್ದುಪಡಿಯಾದೊಡನೆ ಅದು ಮೂರು ವರ್ಷ ಮುಂಚಿತವಾಗಿಯೇ ಬರತೊಡಗಿದ್ದು ಮಹಾಶಯರ ಪವಾಡಗಳಲ್ಲಿ ಒಂದು. ಇದೀಗ ಮಹಾಶಯರ ಮುಂದೆ ಹೊಸ ಪ್ರಶ್ನೆಯೊಂದು ಬಂದಿದೆ: ಮನುಷ್ಯನಿಗೆ ಸಲಹೆ ಕೇಳುವ ಯೋಗ್ಯತೆ ಯಾವ ವಯಸ್ಸಿಗೆ ಬರುತ್ತದೆ?

ಪ್ರಶ್ನೆ ಹುಟ್ಟಿರುವುದು ಅಂತರ್ಜಾಲದ ಸಲಹಾ ವೇದಿಕೆಗಳ ದೆಸೆಯಿಂದ, ಅಂದರೆ ಅಪರಿಚಿತರು ಹೆಸರು ಮರೆಸಿ ಕಷ್ಟ ಹೇಳಿಕೊಳ್ಳುವ ಮತ್ತು ಇನ್ನಷ್ಟು ಅಪರಿಚಿತರು ಹೆಸರು ಮರೆಸಿಯೇ ಪರಿಹಾರ ಸೂಚಿಸುವ ತಾಣಗಳ ದೆಸೆಯಿಂದ. ಲೋಕದಾದ್ಯಂತ ಇವುಗಳ ಬಾಗಿಲಲ್ಲಿ ಸಾಮಾನ್ಯವಾಗಿ ಕಾಣುವ ಹದಿಮೂರು ಎಂಬ ಅಂಕಿಯನ್ನು ಮನಶ್ಶಾಸ್ತ್ರಜ್ಞರು ಕಂಡುಹಿಡಿದದ್ದಲ್ಲ; ಮಕ್ಕಳ ಮಾಹಿತಿ ಸಂಗ್ರಹವನ್ನು ನಿಯಂತ್ರಿಸಲು ಅಮೆರಿಕ 1998ರಲ್ಲಿ ಮಾಡಿದ ಕಾನೂನಿನಿಂದ ಅದು ಹೊರಟಿತು. ಆಸ್ಟ್ರೇಲಿಯ 2025ರ ಡಿಸೆಂಬರಿನಿಂದ ಸಾಮಾಜಿಕ ಜಾಲತಾಣಗಳಿಗೆ ಹದಿನಾರನ್ನು ಗೊತ್ತುಮಾಡಿತು. ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು 2023ರ ಸೆಪ್ಟೆಂಬರಿನಲ್ಲಿ, ಅಬಕಾರಿ ನಿಯಮಗಳಲ್ಲಿ ಇರುವಂತೆ ಜಾಲತಾಣಗಳಿಗೂ ವಯೋಮಿತಿ ಇರಲಿ, ಅದು ಇಪ್ಪತ್ತೊಂದಾದರೂ ಆದೀತು ಎಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತ್ತು. ಅಬಕಾರಿಯನ್ನು ಮಾದರಿಯಾಗಿ ಹಿಡಿದಾಗ ಪುಣೆಯ ಅನುಭವ ಏನು ಹೇಳುತ್ತದೆ ಎಂಬುದನ್ನು ಪತ್ರದ ಮುಂದಿನ ಭಾಗದಲ್ಲಿ ನಿವೇದಿಸಲಾಗುವುದು.

ಭಾರತದ ಕೊಡುಗೆ ಇವೆಲ್ಲಕ್ಕಿಂತ ಉದಾರವಾದದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದ ಪ್ರತಿಯೊಬ್ಬರನ್ನೂ ಮಗುವೆಂದು ಕರೆದು, ಅವರ ಮಾಹಿತಿಯನ್ನು ಬಳಸುವ ಮೊದಲು ತಂದೆತಾಯಿಯರ ಪರಿಶೀಲಿಸಬಹುದಾದ ಸಮ್ಮತಿಯನ್ನು, ಅಂದರೆ ಒಪ್ಪಿಗೆ ಕೊಟ್ಟವರು ನಿಜಕ್ಕೂ ವಯಸ್ಕರೇ ಎಂದು ಖಚಿತಪಡಿಸಿಕೊಂಡ ಒಪ್ಪಿಗೆಯನ್ನು, ಪಡೆಯಬೇಕೆಂದು ವಿಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಇದರ ತಾತ್ಪರ್ಯ ಹೀಗೆ: ಪುಣೆಯ ಕೊಥ್ರೂಡಿನ ಹದಿನಾರರ ಹುಡುಗಿಯೊಬ್ಬಳು ತನ್ನ ತಂದೆ ದಿನವೂ ಹೊಡೆಯುತ್ತಾನೆ, ಏನು ಮಾಡಬೇಕು ಎಂದು ಇಂಥ ವೇದಿಕೆಯಲ್ಲಿ ಖಾತೆ ತೆರೆದು ಕೇಳಬೇಕಾದರೆ, ಹಾಗೆ ಕೇಳಲು ಅಡ್ಡಿಯಿಲ್ಲವೆಂದು ಮೊದಲು ಆ ತಂದೆಯಿಂದಲೋ, ಆತನ ಮಗ್ಗುಲಲ್ಲಿ ಬದುಕುವ ತಾಯಿಯಿಂದಲೋ ಒಪ್ಪಿಗೆ ತರಬೇಕು. ವೈದ್ಯರಿಗೆ, ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ, ಶಾಲೆಗಳಿಗೆ, ಶಿಶುವಿಹಾರಗಳಿಗೆ ನಿಯಮಗಳು ಷರತ್ತಿನ ವಿನಾಯಿತಿ ಕೊಟ್ಟಿವೆ. ಆದ್ದರಿಂದ ಆ ಹುಡುಗಿ ಶಿಶುವಿಹಾರಕ್ಕೆ ಮರಳಿ ಸೇರಿಕೊಂಡರೆ ತೊಡಕು ಪರಿಹಾರವಾದೀತು.

ವಯಸ್ಸಿನ ಅಂಕಿಗಳ ಬಗ್ಗೆ ಪುಣೆಯವರು ವಾದ ಮಾಡುವುದು ಇಂದಿನ ಅಭ್ಯಾಸವಲ್ಲ. ವಿವಾಹಿತೆಯಾದರೂ ಸರಿಯೇ, ಹುಡುಗಿಯೊಡನೆ ದೈಹಿಕ ಸಂಬಂಧಕ್ಕೆ ಇರಬೇಕಾದ ಕನಿಷ್ಠ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಮಸೂದೆಯನ್ನು 1891ರಲ್ಲಿ ಬಾಲಗಂಗಾಧರ ತಿಲಕರು ಇಲ್ಲಿಂದಲೇ ವಿರೋಧಿಸಿದರು, ಸಂಸ್ಕೃತ ವಿದ್ವಾಂಸ ಆರ್. ಜಿ. ಭಂಡಾರಕರರು ಇಲ್ಲಿಂದಲೇ ಶಾಸ್ತ್ರವಚನಗಳನ್ನು ತೆರೆದು ಅದು ಧರ್ಮಬಾಹಿರವಲ್ಲವೆಂದು ತೋರಿಸಿದರು. ಪಶ್ಚಿಮ ಘಟ್ಟದ ಗಂಗಾಮೂಲದ ಬಳಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಎಳೆಯ ವಿಧವೆಯರಿಗಾಗಿ ನಡೆಸುತ್ತಿದ್ದ ಶಾರದಾ ಸದನ ಹಿಂದಿನ ವರ್ಷವಷ್ಟೇ ಮುಂಬಯಿಯಿಂದ ಪುಣೆಗೆ ಬಂದಿದ್ದು, ವಾದದ ವಸ್ತುವಾಗಿದ್ದಂಥ ಎಳೆಯರು ಇಲ್ಲಿಯೇ ವಾಸವಾಗಿದ್ದರೂ, ಆ ಗದ್ದಲದಲ್ಲಿ ಪಂಡಿತರ ದನಿ ಕೇಳಿಸಿದಷ್ಟು ಹುಡುಗಿಯರ ದನಿ ಕೇಳಿಸಲಿಲ್ಲ.

ಸಲಹೆಯ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಪ್ರಕರಣ ಇನ್ನೊಂದಿದೆ. ಪುಣೆಯ ಕರ್ವೆ ರಸ್ತೆಗೆ ಹೆಸರು ಕೊಟ್ಟ ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಮಗ, ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಗಣಿತಜ್ಞ ರಘುನಾಥ ಧೋಂಡೊ ಕರ್ವೆಯವರು, 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದು, ಅದೇ ಕಾರಣಕ್ಕೆ ಅಲ್ಲಿನ ಕಾಲೇಜೊಂದರ ಅಧ್ಯಾಪಕ ಕೆಲಸ ಬಿಟ್ಟು, 1927ರಿಂದ ‘ಸಮಾಜಸ್ವಾಸ್ಥ್ಯ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಲೈಂಗಿಕ ಆರೋಗ್ಯದ ಬಗ್ಗೆ ಮನೆಯಲ್ಲಿ ಕೇಳಲಾಗದ ಪ್ರಶ್ನೆಗಳನ್ನು ಓದುಗರು ಅದಕ್ಕೆ ಬರೆದರು, ಕರ್ವೆಯವರು ಉತ್ತರ ಅಚ್ಚುಮಾಡಿದರು. 1931ರಲ್ಲಿ ಪುಣೆಯ ಸಂಪ್ರದಾಯನಿಷ್ಠರು ಹೂಡಿಸಿದ ಮೊಕದ್ದಮೆಯಲ್ಲಿ ಅವರಿಗೆ 100 ರೂಪಾಯಿ ದಂಡವಾಯಿತು. 1934ರಲ್ಲಿ ಓದುಗರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೇ ಅಶ್ಲೀಲವೆಂಬ ಆರೋಪ ಬಂದಾಗ ಅವರ ಪರವಾಗಿ ವಾದಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಇಂಥ ಪ್ರಶ್ನೆಗಳಿಗೆ ಉತ್ತರವನ್ನಾದರೂ ಏಕೆ ಕೊಡಬೇಕು ಎಂಬ ಆಕ್ಷೇಪಕ್ಕೆ, ವಿಕೃತಿಯೇ ಆಗಿದ್ದರೂ ಅದು ಹೋಗಬೇಕಾದದ್ದು ತಿಳಿವಳಿಕೆಯಿಂದಲೇ ಎಂಬುದು ಅಂಬೇಡ್ಕರರ ವಾದದ ಸಾರವಾಗಿತ್ತು. ಅವರು ಸೋತರು, ದಂಡ 200 ರೂಪಾಯಿಗೆ ಏರಿತು, ಪತ್ರಿಕೆ ಮಾತ್ರ 1953ರಲ್ಲಿ ಕರ್ವೆಯವರು ತೀರಿಕೊಳ್ಳುವವರೆಗೂ ನಡೆಯಿತು.

ಆ ತೀರ್ಪು ತಪ್ಪೆಂದು ಇಂದು ಹೇಳುವುದು ಸುಲಭ. ಆದರೆ ಆ ನ್ಯಾಯಾಲಯವು ಒಂದು ವಿಷಯದಲ್ಲಿ ಇಂದಿನ ಕಾನೂನುಕಾರರಿಗಿಂತ ಸರಿಯಾದ ದಿಕ್ಕಿಗೆ ನೋಡಿತ್ತು: ಅದು ಪ್ರಶ್ನೆ ಕೇಳಿದವರ ಜನ್ಮಪತ್ರಿಕೆಯನ್ನು ಹುಡುಕಲಿಲ್ಲ, ಉತ್ತರ ಕೊಟ್ಟವನನ್ನು ಕರೆಸಿತು. ಕರ್ವೆಯವರಿಗೆ ಹೆಸರಿತ್ತು, ವಿಳಾಸವಿತ್ತು, ಹೇಳಿದ್ದಕ್ಕೆ ಹೊಣೆಯಿತ್ತು. ಇಂದಿನ ವೇದಿಕೆಯಲ್ಲಿ ಹದಿಮೂರರ ಹುಡುಗನಿಗೆ ಊಟ ಬಿಡಲು ಹೇಳುವವನಿಗೂ, ಹುಡುಗಿಯ ಸಂಕಟಕ್ಕೆ ಮರುಗುವಂತೆ ನಟಿಸಿ ಆಕೆಯ ಚಿತ್ರ ಕೇಳುವವನಿಗೂ ಇವು ಮೂರೂ ಇಲ್ಲ. ಅಪಾಯವಿರುವುದು ಅಲ್ಲಿಯೇ, ಮತ್ತು ಅದು ನಿಜವಾದ ಅಪಾಯ ಎಂಬುದನ್ನು ಈ ಪತ್ರ ಹಾಸ್ಯವಿಲ್ಲದೆ ಒಪ್ಪುತ್ತದೆ. ಆದರೆ ಮಹಾಶಯರು ಬಾಗಿಲಲ್ಲಿ ನಿಂತು ವಯಸ್ಸು ಕೇಳಿದಾಗ ನಿಜ ಹೇಳಿದ ಮಗು ಹೊರಗೆ ಉಳಿಯುತ್ತದೆ, ಸುಳ್ಳು ಹೇಳಿದ ಮಗು ಒಳಗೆ ಹೋಗಿ ವಯಸ್ಕನೆಂದು ಎಣಿಸಲ್ಪಟ್ಟು ವಯಸ್ಕರಿಗೆ ಕೊಡುವ ಉತ್ತರವನ್ನೇ ಪಡೆಯುತ್ತದೆ; ಉತ್ತರ ಕೊಡಲು ಕುಳಿತ ನಲವತ್ತರ ಗೃಹಸ್ಥನಂತೂ ವಯಸ್ಸಿನ ಪರೀಕ್ಷೆಯಲ್ಲಿ ಸದಾ ತೇರ್ಗಡೆ.

ಶಾಲೆಯೇ ಹೇಳಿಕೊಡಲಿ ಎನ್ನುವವರಿಗೆ, 2007ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡೂ ರಾಜ್ಯಗಳು ಶಾಲೆಗಳಲ್ಲಿ ಲೈಂಗಿಕ ಶಿಕ್ಷಣಕ್ಕೆ ತಡೆಯೊಡ್ಡಿದ್ದನ್ನು ನೆನಪಿಸಿದರೆ ಸಾಕು.

ಇನ್ನು ಅಬಕಾರಿ ಮಾದರಿ. 2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿ ನಗರದಲ್ಲಿ, ಪಬ್ಬಿನಲ್ಲಿ ಕುಡಿದಿದ್ದನೆಂದು ಪೊಲೀಸರು ಆರೋಪಿಸಿದ ಹದಿನೇಳರ ಹುಡುಗನೊಬ್ಬ ನಡೆಸುತ್ತಿದ್ದ ಪೋರ್ಶೆ ಕಾರಿಗೆ ಸಿಕ್ಕಿ ಇಬ್ಬರು ಯುವ ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ತರು. ವಾಹನ ಚಾಲನೆಗೆ ಹದಿನೆಂಟು, ಬಿಯರಿಗೆ ಇಪ್ಪತ್ತೊಂದು, ಇತರ ಮದ್ಯಕ್ಕೆ ಇಪ್ಪತ್ತೈದು ಎಂಬ ಮಿತಿಗಳೆಲ್ಲ ಆ ರಾತ್ರಿ ಜಾರಿಯಲ್ಲಿಯೇ ಇದ್ದವು. ಬಾಲನ್ಯಾಯ ಮಂಡಳಿಯು ಅಂದೇ ಜಾಮೀನು ಕೊಟ್ಟು, ರಸ್ತೆ ಅಪಘಾತಗಳ ಕುರಿತು 300 ಪದಗಳ ಪ್ರಬಂಧ ಬರೆಯಲು ಹೇಳಿತು. ಜನರ ಆಕ್ರೋಶದ ನಂತರವೇ ಆದೇಶ ಬದಲಾಯಿತು. ಹುಡುಗನ ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪದ ಮೇಲೆ ಆಮೇಲೆ ಬಂಧಿತರಾದವರೆಲ್ಲ ವಯೋಮಿತಿ ದಾಟಿದವರು, ಅವರಲ್ಲಿ ವೈದ್ಯರೂ ಇದ್ದರು. ಕಾರಿನ ಕೀಲಿ ಪಡೆಯುವಷ್ಟು ದೊಡ್ಡವನಾದ ಹುಡುಗ ಸಲಹೆ ಕೇಳುವಷ್ಟು ದೊಡ್ಡವನಲ್ಲ ಎನ್ನುವ ಊರಿನಲ್ಲಿ ಮಹಾಶಯರು ಯಾರನ್ನು ಕಾಯುತ್ತಿದ್ದಾರೆ ಎಂಬುದು ವಿಚಾರಣೆಗೆ ಅರ್ಹವಾದ ವಿಷಯ.

ಆದ್ದರಿಂದ ಮಹಾಶಯರಲ್ಲಿ ಪ್ರಾರ್ಥನೆ ಇಷ್ಟು. ಅಂಕಿಯನ್ನು ಕೇಳುವವರಿಂದ ತೆಗೆದು ಉತ್ತರಿಸುವವರ ಕಡೆಗೆ ತಿರುಗಿಸಬೇಕು: ಎಳೆಯರಿಗೆ ಉತ್ತರ ಕೊಡುವವರಿಗೆ ತರಬೇತಿ, ಗುರುತು ಮತ್ತು ಹೊಣೆ ಇರಬೇಕು, ಅಂಥವರು ನಡೆಸುವ ಸಲಹಾ ಸೇವೆಗಳನ್ನು ಶಿಶುವಿಹಾರದ ಜೊತೆಗಾದರೂ ವಿನಾಯಿತಿಯ ಪಟ್ಟಿಗೆ ಸೇರಿಸಬೇಕು. ಅಷ್ಟಾಗುವವರೆಗೆ, ವಯಸ್ಸು ಸಾಲದೆಂದು ಮಗುವನ್ನು ಹಿಂದಕ್ಕೆ ಕಳಿಸುವ ಪ್ರತಿ ತಾಣವೂ ಆ ನಿರಾಕರಣೆಯ ಕೆಳಗೇ ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಎಂಬ ಎರಡು ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಮರಾಠಿಯಲ್ಲೂ ಕನ್ನಡದಲ್ಲೂ ಬರೆಯುವಂತೆ ಆಜ್ಞಾಪಿಸಬೇಕು.