ಭೋಂಗಾ ಆಯ್ತು, ಒಲಿ ಹಚ್ಚು

ಸೊಲ್ಲಾಪುರದ ಹಳೇ ಗಿರಣಿ ಶುರುವಾದದ್ದು 1877ರಲ್ಲಿ. ಗಿರಣಿಗಳ ಸದ್ದು ಅಡಗಿ ಬಹಳ ಕಾಲವಾಯಿತು. ಅವುಗಳ ಭೋಂಗಾದ, ಅಂದರೆ ಸೈರನ್ನಿನ, ಸುದ್ದಿ ಮಾತ್ರ ಹಿರಿಯರ ಬಾಯಲ್ಲಿ ಇನ್ನೂ ಅಡಗಿಲ್ಲ. ನಮ್ಮ ಅತ್ತಿ ಭೋಂಗಾ ಕೇಳಿದ ಕೂಡಲೇ ಒಲೆ ಹಚ್ಚುತ್ತಿದ್ದಳು. ಗಿರಣಿಗೆ ಅವಳು ಯಾರೋ ಗೊತ್ತಿಲ್ಲ, ಅವಳಿಗೆ ಗಿರಣಿಯ ಉಸಾಬರಿ ಬೇಕಿಲ್ಲ. ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಾಕಿ, ಬುತ್ತಿ ಕಟ್ಟಿಬಿಡುವುದು. ಮಾಮಾನಿಗೆ ಆ ದಿನ ರಜೆ ಇದ್ದರೂ ಬುತ್ತಿ ತಯಾರು!

ಇದೆಲ್ಲ ನೆನಪಾದದ್ದು ಅಕ್ಕಲಕೋಟೆಯ ನನ್ನ ಅಳಿಯನಿಂದ. ಅವನ ಅಂಗಡಿಯ ಬೋರ್ಡು ಮರಾಠಿ, ಬೈಗುಳ ಕನ್ನಡ. ಒಂದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ನಾಲ್ಕಾರು ವರ್ಚುವಲ್ ಮಷೀನುಗಳನ್ನು ಸಾಕಿಕೊಂಡಿದ್ದಾನೆ. ಲಿನಕ್ಸಿನಲ್ಲಿ ಅವನ್ನು ನೋಡಿಕೊಳ್ಳುವ ಲಿಬ್‌ವರ್ಟ್ ಅವಕ್ಕೆ 192.168.122ರಿಂದ ಶುರುವಾಗುವ ವಿಳಾಸ ಹಂಚುತ್ತದೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ಸೀದಾ ಒಳಗೆ ಬರುವಂತಿಲ್ಲ. ಬರಬೇಕೆಂದರೆ ಫೈರ್‌ವಾಲಿಗೆ ನಿಯಮ ಬರೆದು ದಾರಿ ಬಿಡಿಸಬೇಕು.

"ಕರೆಂಟ್ ಹೋಗಿ ಬಂತಂದ್ರ ನಿಯಮ ಎಲ್ಲಾ ಅಳಿಸಿ ಹೋಗ್ತಾವ ಮಾಮಾ. ಮತ್ತ ನಾನ ಕುಂತು ಬಡೀಬೇಕು."

ಬಡಿಯುವುದು ಈಗ ತಪ್ಪಿದೆ. ಲಿಬ್‌ವರ್ಟಿನ ಹುಕ್ಸ್ ಎಂಬ ಫೋಲ್ಡರಿನಲ್ಲಿ 'ನೆಟ್‌ವರ್ಕ್' ಎಂಬ ಹೆಸರಿನ, ಆ ನಿಯಮ ಬರೆಯುವ ಸ್ಕ್ರಿಪ್ಟ್ ಇಟ್ಟು, ಅದಕ್ಕೆ ಓಡುವ ಅನುಮತಿ ಕೊಟ್ಟು, ಮೊದಲ ಸಲ ಲಿಬ್‌ವರ್ಟನ್ನು ಮತ್ತೆ ಶುರು ಮಾಡಿದರೆ ಮುಗಿಯಿತು. ನೆಟ್‌ವರ್ಕ್ ಎದ್ದಾಗ, ಮಲಗಿದಾಗ, ಯಾವುದಾದರೂ ಮಷೀನು ಅದಕ್ಕೆ ಕೂಡಿಕೊಂಡಾಗ, ಕಳಚಿಕೊಂಡಾಗ ಲಿಬ್‌ವರ್ಟೇ ಆ ಸ್ಕ್ರಿಪ್ಟನ್ನು ಕೂಗುತ್ತದೆ. ಯಾವ ನೆಟ್‌ವರ್ಕ್, ಏನಾಯಿತು ಎಂಬುದನ್ನೂ ಹೇಳುತ್ತದೆ. ಅದನ್ನು ನೋಡದೆ ಸ್ಕ್ರಿಪ್ಟು ಎದ್ದರೆ ಅತ್ತಿಯ ರಜೆ ದಿನದ ಬುತ್ತಿಯೇ ಗತಿ.

ನನಗೆ ಹಿಡಿಸಿದ್ದು ಅದರ ಶಿಸ್ತು. ಕೂಗಿಗೆ ಓಗೊಟ್ಟ ಸ್ಕ್ರಿಪ್ಟು ತಿರುಗಿ ಲಿಬ್‌ವರ್ಟನ್ನೇ ಏನಾದರೂ ಕೇಳಹೋಗಬಾರದು. ಕೆಲಸ ಮುಗಿಯಲಿ ಎಂದು ಅದು ಇದಕ್ಕೆ ಕಾಯುತ್ತಿರುತ್ತದೆ, ಉತ್ತರ ಬರಲಿ ಎಂದು ಇದು ಅದಕ್ಕೆ. ಇಬ್ಬರೂ ಸಂಭಾವಿತರು, ಸಂಜೆಯಾದರೂ ಎದ್ದು ಹೋಗುವುದಿಲ್ಲ. ಹಾಗೆಂದು ಸ್ಕ್ರಿಪ್ಟು ಬರೀ ಆಳಲ್ಲ. ಶುರುವಿನ ಹೊತ್ತಿಗೆ ಅದು 'ಆಗೂದಿಲ್ಲ' ಎಂದು ಸೊನ್ನೆಯಲ್ಲದ ಅಂಕಿ ಒಪ್ಪಿಸಿದರೆ ನೆಟ್‌ವರ್ಕ್ ಏಳುವುದೇ ಇಲ್ಲ. ನಿಂತ ಮೇಲೆ ಏನಂದರೂ ಕೇಳುವವರಿಲ್ಲ. ಇಷ್ಟು ಚೊಕ್ಕವಾಗಿ ಯಾವ ಮದುವೆಮನೆಯಲ್ಲೂ ಅಧಿಕಾರ ಹಂಚಿದ್ದನ್ನು ನಾನು ಕಂಡಿಲ್ಲ.

ಅಳಿಯ ಅಷ್ಟಕ್ಕೇ ನಿಲ್ಲಿಸಿಲ್ಲ. ಮಷೀನು ಕೂಡಿಕೊಂಡರೆ ಲಾಗಿನಲ್ಲಿ 'ಬರ್ರಿ ಬರ್ರಿ', ಕಳಚಿಕೊಂಡರೆ 'ಹೋಗಿ ಬರ್ರಿ' ಎಂದು ಕನ್ನಡದಲ್ಲೇ ಬರೆಸಿದ್ದಾನೆ.

"ಮತ್ತ ಕರೆಂಟ್ ಹೋದಾಗ ಏನ್ ಬರೀತೈತಿ?" ಎಂದೆ.

"ಅದಕ್ಕ ಬರೀಲಿಕ್ಕ ಟೈಮ್ ಎಲ್ಲಿ ಸಿಗತೈತಿ ಮಾಮಾ?"